ಬಳ್ಳಿಯಲ್ಲೇ ಬಿಟ್ಟ ಹೀರೇಕಾಯಿ

ಅಜ್ಜಿ,

ಪಾತ್ರೆ ಉಜ್ಜಲು ಪ್ಲಾಸ್ಟಿಕ್ ಬೇಡವೆಂದು ಅಂಗಡಿಯಲ್ಲಿ ಹೀರೇಕಾಯಿ ನಾರಿನ ಬೆಲೆ ಕೇಳಿದೆ. ನನ್ನ ಸಂಬಳಕ್ಕೆ ಆಗುವ ಮಾತಲ್ಲ. ಆಗ ನೆನಪಾಯಿತು, ನಮ್ಮೂರು ಉಡಿಗಾಲದ ಮನೆಯ ಬೇಲಿಯಲ್ಲಿ ನೀನು ಯಾವಾಗಲೂ ಒಂದು ಕಾಯಿ ಕೀಳದೆ ಬಿಡುತ್ತಿದ್ದೆ. ಮರೆತಿರಬೇಕು ಎಂದುಕೊಂಡಿದ್ದೆ ನಾನು.

ಚಾಮರಾಜನಗರದ ಈ ಬಾಡಿಗೆ ಮನೆಯ ತಾರಸಿಯಲ್ಲಿ ಹಬ್ಬಿಸಿದ ಬಳ್ಳಿಯಲ್ಲಿ ನಾನೂ ಒಂದು ಕಾಯಿ ಬಿಟ್ಟೆ. "ಬಲ್ತೋಯ್ತದೆ, ಕಿತ್ಕಳಮ್ಮಿ" ಎಂದರು ಓನರ್ ಶಿವರುದ್ರಮ್ಮ. "ಇರ್ಲಿ ಬುಡಿ ಆಂಟಿ" ಅಂದೆ, ನಿನ್ನ ಗತ್ತಿನಲ್ಲೇ.

ಇವತ್ತು ಒಣಗಿದ ಸಿಪ್ಪೆ ಸುಲಿದೆ. ನಾರೂ ಸಿಕ್ಕಿತು, ಮುಂದಿನ ಬಳ್ಳಿಗೆ ಬೀಜವೂ ಸಿಕ್ಕಿತು. ಎಂಥ ಜಾಣೆ ಅಜ್ಜಿ ನೀನು! ಅರ್ಧ ನಾರು ಪಾತ್ರೆಗೆ ಇಟ್ಟೆ. ಉಳಿದರ್ಧ ಹಿಡಿದು ಬಚ್ಚಲಿಗೆ ಹೋದವಳು ಹಾಗೇ ನಿಂತುಬಿಟ್ಟೆ.

ಬದುಕಿದ್ದಾಗ ನೀನು ಬಚ್ಚಲಿಂದ ಕೂಗುತ್ತಿದ್ದೆ, "ಬಾರಮ್ಮಿ, ವಸಿ ಬೆನ್ನುಜ್ಜು." ಮೊಬೈಲಿನಿಂದ ತಲೆ ಎತ್ತದೆ ನಾನು ಅನ್ನುತ್ತಿದ್ದೆ, "ಬಂದೆ ಅಜ್ಜಿ, ಬಂದೆ."