ಕೆಂಪು ಕೋಟಿನ ಉದಾಹರಣೆ

ಕಾಸೆಲ್,
ಫೆಬ್ರವರಿ ೧೨

ಮುನಿಸಿಕೊಂಡಿರುವ ಮಗಳು ಆಲ್ಮುಟ್‌ಗೆ,

ನಿನ್ನ ತತ್ವಜ್ಞಾನಿ ಕಾಂಟ್ ನನಗೆ ಎಷ್ಟಕ್ಕೆ ಬಿದ್ದ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಚಳಿಗಾಲದ ಗುರುವಾರಗಳೆಲ್ಲ ಹೋದವು. ಕ್ರಿಸ್‌ಮಸ್ ಸಂತೆಯಲ್ಲಿ ನನ್ನ ಮೂಲೆಯ ಜಾಗ ಹೋಯಿತು. ಗುರುವಾರ ಅಂಗಡಿ ಮುಚ್ಚುವವಳಿಗೆ ಮೂಲೆ ಯಾಕೆ ಎಂದು ಅದನ್ನು ಸಾಸೇಜ್ ಮಾರುವವನಿಗೆ ಕೊಟ್ಟರು. ನಿದ್ದೆಯೂ ಹೋಯಿತು, ಅದಿನ್ನೂ ವಾಪಸ್ ಬಂದಿಲ್ಲ.

ಕಾರಣ ನೀನೇ. ಹೋದ ಆಗಸ್ಟ್‌ನಲ್ಲಿ ನನ್ನ ಹುಟ್ಟುಹಬ್ಬದ ಕೇಕಿನ ಮುಂದೆ ಕೂತು, "ಚಿಕ್ಕೋಳಿದ್ದಾಗ ನನ್ನನ್ನ ನಿನ್ನ ವ್ಯಾಪಾರಕ್ಕೆ ಸಾಧನ ಮಾಡ್ಕೊಂಡೆ ಅಮ್ಮಾ. ಮನುಷ್ಯರನ್ನ ಹಾಗೆ ಬಳಸ್ಬಾರ್ದು. ಕಾಂಟ್ ಓದು, ಗೊತ್ತಾಗತ್ತೆ" ಅಂದೆ. ಅಂದಿನಿಂದ ನನ್ನ ಫೋನ್ ಎತ್ತಿಲ್ಲ.

ಸರಿ, ಓದಿಯೇ ನಿನ್ನ ಬಾಯಿ ಮುಚ್ಚಿಸೋಣ ಎಂದುಕೊಂಡೆ. ಪರೀಕ್ಷೆಯ ಗೊಡವೆಯಿಲ್ಲದೆ ಪಾಠ ಕೇಳಲು ವಯಸ್ಸಾದವರಿಗೆ ಕೊಡುವ ಚೀಟಿ ಮಾಡಿಸಿದೆ. ಯಾವ ವಿಶ್ವವಿದ್ಯಾಲಯದಲ್ಲಿ ಅಂತೀಯಾ? ನಿನ್ನ ಮಾರ್ಬುರ್ಗ್‌ನಲ್ಲೇ, ನಿನ್ನ ಪ್ರೊಫೆಸರ್ ಟೀಡ್ಗೆಯವರ ಗುರುವಾರದ ತರಗತಿಯಲ್ಲೇ. ಕೊನೆಯ ಸಾಲು, ಕಂಬದ ಹಿಂದೆ.

ಆ ಪ್ರೊಫೆಸರಮ್ಮ ಕಾಂಟನ ಒಂದೇ ಪ್ಯಾರಾದ ಸುತ್ತ ತಿಂಗಳುಗಟ್ಟಲೆ ತಿರುಗಿದರು. ಹಾಗೆ ಮಾತಾಡಿದರೆ ಸಂತೆಯಲ್ಲಿ ನನ್ನ ಒಂದು ತರಕಾರಿ ತುರಿಮಣೆಯೂ ಖರ್ಚಾಗುವುದಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ಹಲ್ಲಿನ ಡಾಕ್ಟರ್ ಫೋಲ್ಕ್‌ಮಾರ್ ನನಗೆ ಧೈರ್ಯ ಹೇಳುತ್ತಿದ್ದರು: "ತಲೆ ಕೆಡಿಸ್ಕೋಬೇಡಿ ಮೇಡಂ. ನಾನು ಎರಡನೇ ಸಲ ಕೂತಿದ್ದೀನಿ. ಹೋದ ವರ್ಷ ಅರ್ಥ ಆಗಿಲ್ಲ ಅನ್ನೋದೂ ಗೊತ್ತಾಗಿರ್ಲಿಲ್ಲ."

ಡಿಸೆಂಬರ್‌ನಲ್ಲಿ ಸಿಕ್ಕಿತು ನೋಡು. ಮನುಷ್ಯರನ್ನು ಬಳಸಲೇಬಾರದು ಎಂದು ಕಾಂಟ್ ಹೇಳಿಲ್ಲ. ಬರೀ ಸಾಧನವಾಗಿ ಬಳಸಬಾರದು ಎಂದಿದ್ದಾನೆ. ಆ "ಬರೀ" ಎನ್ನುವುದನ್ನು ನೀನು ಕೇಕಿನ ಜೊತೆ ನುಂಗಿದ್ದೆ! ಗೆದ್ದೆ ಎಂದು ಮೊಹರು ಹಾಕಿಸಿಕೊಳ್ಳಲು ಟೀಡ್ಗೆಯವರನ್ನು ಮೆಟ್ಟಿಲ ಬಳಿ ಹಿಡಿದೆ.

"ಮಗೂನ ಕೆಲಸಕ್ಕೆ ಹಚ್ಚಿದ್ರೂ ಊಟ, ಬಟ್ಟೆ, ಪ್ರೀತಿ ಎಲ್ಲಾ ಕೊಟ್ಟಿದ್ರೆ ತಪ್ಪೇನಿಲ್ಲ ಅಲ್ವಾ?"

"ಆ ಮಗು ಒಪ್ಪಿತ್ತಾ?"

"ಏಳು ವರ್ಷದ್ದು ಕಣ್ರೀ! ಅದನ್ನೇನು ಕೇಳೋದು?"

ಅವರು ಗಡಿಯಾರ ನೋಡಿಕೊಂಡು ಬಸ್ ಹಿಡಿಯಲು ಹೋದರು. ಇಷ್ಟು ಓದಿದವರು ಒಂದು ಉತ್ತರ ಕೊಡಬಾರದೇ? ಆ ರಾತ್ರಿಯಿಂದಲೇ ನಿದ್ದೆ ಹೋದದ್ದು.

ಕೊನೆಯ ಗುರುವಾರ, "ಇವತ್ತು ನನ್ನ ವಿದ್ಯಾರ್ಥಿನಿಯೊಬ್ಬರು ಮಾತಾಡ್ತಾರೆ. ಡಾಕ್ಟರೇಟ್‌ಗೆ ತಗೋಬೇಕಾ ಬೇಡ್ವಾ, ಕೇಳಿ ನೋಡೋಣ" ಎಂದರು ಟೀಡ್ಗೆ. ಎದ್ದು ಬಂದವಳು ನೀನು. ನಾನು ಕಂಬಕ್ಕೆ ಅಂಟಿಕೊಂಡೆ.

ಶುರುವಿನಲ್ಲೇ ನನ್ನನ್ನು ಎಳೆದೆ. ಸಂತೆಯಲ್ಲಿ ಗಂಟಲು ಹರಿದುಕೊಂಡು ತುರಿಮಣೆ ಮಾರುವ ತಾಯಿ. ಗುಂಪಿನ ನಡುವೆ ಯಾರದೋ ಮಗುವಿನ ಹಾಗೆ ನಿಲ್ಲಿಸಿದ, ಕೆಂಪು ಕೋಟಿನ ಹುಡುಗಿ. ಅವಳು "ನಮ್ಮಮ್ಮಂಗೊಂದು ಬೇಕು!" ಎಂದು ಕೂಗಬೇಕು, ಆಗ ಉಳಿದವರೂ ಕೈ ಚಾಚುತ್ತಾರೆ. ತರಗತಿಯೆಲ್ಲ ನಕ್ಕಿತು. ಫೋಲ್ಕ್‌ಮಾರ್ ಕೂಡ ನನ್ನ ಪಕ್ಕೆಗೆ ತಿವಿದು, "ಎಂಥಾ ಘಾಟಿ ಹೆಂಗಸು ನೋಡಿ!" ಎಂದರು.

ಮೈಯೆಲ್ಲ ಉರಿದುಹೋಯಿತು ಆಲ್ಮುಟ್. ಆ ಕೋಟನ್ನು ನಾನೇ ಹೊಲಿದಿದ್ದೆ, ಒಳಗೆ ಹತ್ತಿ ಇಟ್ಟು. ಅದನ್ನು ಹೇಳಲಿಲ್ಲ ನೀನು. ನನ್ನ ಕಥೆ ಹೇಳಲೇ ಎಂದು ನನ್ನನ್ನು ಕೇಳಿದ್ದೆಯಾ? ನಿನ್ನ ಪದವಿಗೆ ನಾನು ಸಾಧನವಲ್ಲದೆ ಮತ್ತೇನು? ಎದ್ದು ನಿಂತು ಇದನ್ನೇ ಕೇಳಬೇಕೆಂದು ಬೆಂಚು ಹಿಡಿದೆ. ಅಷ್ಟರಲ್ಲಿ ನೀನು, "ಆ ಹುಡುಗಿಗೆ ಕೂಗೋದು ಇಷ್ಟಾನೇ ಇತ್ತು. ಕೇಳಿದ್ರೆ ಹೂಂ ಅಂತಿದ್ಲು. ಕೇಳ್ಲಿಲ್ಲ ಅನ್ನೋದಷ್ಟೇ ಅವಳ ದೂರು" ಎಂದು ಮಾತು ಮುಗಿಸಿದೆ.

ನಾನು ಏಳಲಿಲ್ಲ. ಮಾತು ಮೆಚ್ಚಿದರೆ ಅಲ್ಲಿ ಬೆರಳ ಗೆಣ್ಣಿನಿಂದ ಬೆಂಚು ಬಡಿಯುತ್ತಾರಲ್ಲ, ಯಾರೂ ಬಡಿಯಲಿಲ್ಲ. ಟೀಡ್ಗೆ ತಲೆಯೆತ್ತಲಿಲ್ಲ, ಹುಡುಗರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ನೀನು ಹಾಳೆಗಳನ್ನು ಮಡಚತೊಡಗಿದೆ. ಆಮೇಲೆ ಹೇಗೋ ಬಡಿತ ಶುರುವಾಗಿ ಹಾಲ್ ತುಂಬಿತು. ಉಳಿದದ್ದು ನಿನಗೆ ಗೊತ್ತೇ ಇದೆ.

ಭಾನುವಾರ ಕಾಫಿಗೆ ಸೇಬಿನ ಕೇಕು ಮಾಡುತ್ತೇನೆ. ಬಾ ಎನ್ನುತ್ತಿಲ್ಲ. ಬರುತ್ತೀಯಾ ಎಂದು ಕೇಳುತ್ತಿದ್ದೇನೆ. ಒಂದಿಡೀ ಚಳಿಗಾಲ ಕೂತು ಕಲಿತದ್ದು ಇಷ್ಟೇ.

ನಿನ್ನ ಘಾಟಿ ಅಮ್ಮ,
ರೋಸ್ವಿತಾ

ಮರೆತಿದ್ದೆ: ಗುಂಪು ಯಾವತ್ತೂ ಮೊದಲನೆಯವರಿಗಾಗಿ ಕಾಯುತ್ತದೆ, ಅದು ನಮ್ಮಿಬ್ಬರಿಗೂ ಗೊತ್ತು. ಕಂಬದ ಹಿಂದಿನಿಂದ ಕೇಳಿಸಿದ ಮೊದಲ ಬಡಿತ ನನ್ನದು. ಯಾರೂ ನನ್ನನ್ನು ಅಲ್ಲಿ ನಿಲ್ಲಿಸಿರಲಿಲ್ಲ. ನಿನಗೆ ಡಾಕ್ಟರೇಟಿನ ಜಾಗ ಸಿಕ್ಕಿತು. ಟೀಡ್ಗೆಯವರಿಗೆ ಶಿಷ್ಯೆ ಸಿಕ್ಕಳು. ಫೋಲ್ಕ್‌ಮಾರ್‌ಗೆ, ಮೂರನೇ ಸಲ ಕೂರಲು, ಕಂಬದ ಹಿಂದಿನ ನನ್ನ ಸೀಟು. ನನಗೆ ಊದಿದ ಗೆಣ್ಣು.