ಅಪ್ಪನ ಹಲಸಿನ ಹಲಗೆ

ಮಂಗಳವಾರ, ನವೆಂಬರ್ 12

ಅಪ್ಪ ಹಲಸಿನ ಹಲಗೆಯೊಂದನ್ನು ವೀಣೆಗೆಂದು ಎತ್ತಿಟ್ಟು, ಮಾಡದೆಯೇ ತೀರಿಹೋಗಿದ್ದರು. ಅದನ್ನು ಕೊಯ್ದು, ಗಿಟಾರ್ ನುಡಿಸುವ ಮುದಸ್ಸಿರನಿಗೆ ಒಳಗೆ ತಗಡಿನ ತಟ್ಟೆಯಿರುವ ರೆಸೊನೇಟರ್ ಗಿಟಾರ್ ಮಾಡಿದ್ದೆ. ಹೋಲಿಸಿ ನೋಡಲಿ ಎಂದು ಪ್ಲೈವುಡ್ಡಿನದೂ ಒಂದು. ಇವತ್ತು ಕೊಡಿಗೇಹಳ್ಳಿಯ ನನ್ನ ಅಂಗಡಿಗೆ ಬಂದವನು ಎರಡಕ್ಕೂ ಸದ್ದು ಹಿಡಿಯುವ ಪಿಕಪ್ ಹಾಕಿಸಿ, ಆಂಪ್‌ನಲ್ಲಿ ನುಡಿಸಿದ.

"ಎರಡೂ ಒಂದೇ ಥರ ಕೇಳ್ಸುತ್ತೆ ಅಣ್ಣಾ. ಸೌಂಡೆಲ್ಲಾ ಒಳಗಿರೋ ತಗಡಿಂದ್ಲೇ ಬರೋದಲ್ವಾ? ಹಗುರ ಇರೋದೇ ಕೊಡಿ."

ಪ್ಲೈವುಡ್ಡಿನದನ್ನು ಒಯ್ದ. ನನಗೆ ಸಿಟ್ಟೂ ಬರಲಿಲ್ಲ. ಅವನು ನುಡಿಸುವಾಗ ಬೆನ್ನು ತಿರುಗಿಸಿ ಕಣ್ಣು ಮುಚ್ಚಿ ಕೇಳಿದ್ದೆ. ಅಪ್ಪನ ಹಲಗೆ ಯಾವುದೆಂದು ನನಗೂ ಗೊತ್ತಾಗಲಿಲ್ಲ.

ಸಂಜೆ, ಉಳಿದಿದ್ದ ತುಂಡನ್ನು ಮನೆಗೆ ತಂದು ಅಪ್ಪನ ಹಾಗೆ ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿದೆ. ನಾದವೇನೋ ಇತ್ತು. ಅಷ್ಟರಲ್ಲಿ ಹೆಂಡತಿ ಊಟಕ್ಕೆ ಕರೆದಳು. ತುಂಡನ್ನು ಮೇಜಿನ ಗಿಡ್ಡ ಕಾಲಿನಡಿ ತುರುಕಿ ಎದ್ದೆ.

ಇದನ್ನು ಬರೆಯುವಾಗ ಮೇಜು ಅಲುಗುತ್ತಿಲ್ಲ.