ಪೂರ್ತಿ ತೂಕದ ಬೆಲ್ಲ

ದೋಣಿಮಲೈ,
14-11-1995, ಮಂಗಳವಾರ

ಪ್ರೀತಿಯ ಗಂಗಕ್ಕನಿಗೆ ನಿನ್ನ ತಂಗಿ ಜಂಬಮ್ಮನ ನಮಸ್ಕಾರ.

ಪ್ರತಿ ಸಲ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿ ಅಂತ ಶುರು ಮಾಡುತ್ತಿದ್ದೆ. ಮಂಚ ಬಿಟ್ಟು ಒಬ್ಬಳೇ ಏಳಲಾಗದವಳಿಗೆ ಆ ಸಾಲು ಬರೆಯುವುದು ಚೇಷ್ಟೆ ಮಾಡಿದ ಹಾಗೆ ಅನ್ನಿಸಿ ಈ ಸಲ ಬಿಟ್ಟಿದ್ದೇನೆ. ನನ್ನ ಬಾಯಿ ಮೊದಲಿಂದಲೂ ಒರಟು. ಬಾಯಿ ಒರಟಾದವರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ ಅಂತ ನೀನು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದೆ. ಈ ಕಾಗದ ಓದಿದ ಮೇಲೆ ಆ ಮಾತನ್ನು ವಾಪಸ್ ತಗೋ.

ನಿನ್ನ ಪತ್ರ ಶನಿವಾರ ಬಂತು. ಕಾರ್ತಿಕದ ಕಡೇ ಸೋಮವಾರ ಹಂಪಿಯಲ್ಲಿ ಮಗಳು ಪಂಪಾವತಿಯ ತುಲಾಭಾರ, ಬುಧವಾರ ಬೊಂಬಾಯಿ ರೈಲು, ನಿನಗಾದ ಆಪರೇಷನ್ನೇ ಅವಳಿಗೂ ಅಂತ ಬರೆದಿದ್ದೀಯ. ನಿನ್ನ ಮಾತನ್ನೇ ಇಳಿಸುತ್ತೇನೆ: "ನನಗ ಆಪರೇಷನ್ ಆದಮ್ಯಾಲ ಹರಕಿ ತೀರಿಸಿದ್ವಿ. ತೂಕ ಇಳದಿತ್ತು, ದೇವರಿಗೆ ಬೆಲ್ಲ ಕಡಿಮಿ ಬಿತ್ತು, ಅದಕ್ಕ ನನ್ನ ಎಲುಬು ಹಿಂಗಾದ್ವು. ಈ ಸಲ ಮೊದಲ ತೂಗಿಸಿಬಿಡ್ತೀವಿ, ಪೂರ್ತಿ ತೂಕದ ಬೆಲ್ಲ. ನನ್ನ ಮಗಳ ಎಲುಬಿಗೆ ಏನೂ ಆಗಬಾರದು." ಮಿಲ್ಲಿನ ದೊಡ್ಡ ತಕ್ಕಡಿಯನ್ನು ಟ್ರ್ಯಾಕ್ಟರಿನಲ್ಲಿ ಹಂಪಿಗೆ ಸಾಗಿಸಲು ಭಾವ ಉಜ್ಜಿನಪ್ಪನವರು ಆಗಲೇ ಆಳುಗಳಿಗೆ ಹೇಳಿದ್ದಾರಂತೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೀಯ, "ಡಾಕ್ಟರ ಕೂಡ ಇಂಗ್ಲಿಷ್ ಮಾತಾಡಾಕ ಆಗ ಬಂದಂಗ ಈಗೂ ನೀನ ಬರಬೇಕು ಜಂಬಿ, ನಿನ್ನ ಬಿಟ್ರ ನಮಗ್ಯಾರದಾರ."

ಈ ಕೊನೆಯ ಸಾಲು ನನ್ನನ್ನು ಮೂರು ದಿನದಿಂದ ಕೂರಲು ಬಿಡುತ್ತಿಲ್ಲ.

ಸುತ್ತಿ ಬಳಸಿ ಹೇಳಿದರೆ ನಡುವೆ ಎಲ್ಲಾದರೂ ತಪ್ಪಿಸಿಕೊಳ್ಳುತ್ತೇನೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಪಂಪಿಗೆ ಆ ಆಪರೇಷನ್ ಮಾಡಿಸಬೇಡ. ನಿನ್ನ ಎಲುಬು ಟೊಳ್ಳಾದದ್ದು ದೇವರಿಗೆ ಬೆಲ್ಲ ಕಡಿಮೆಯಾಗಿ ಅಲ್ಲ, ಆ ಆಪರೇಷನ್ನಿನಿಂದ. ಹೀಗಾಗಬಹುದು ಅಂತ ಡಾಕ್ಟರು ಆಗಲೇ ಬರೆದುಕೊಟ್ಟಿದ್ದರು. ತಡೆಯಲು ಏನು ಮಾಡಬೇಕು ಅಂತಲೂ ಬರೆದಿದ್ದರು. ಅದನ್ನು ಓದಿದವಳು ನಾನೊಬ್ಬಳೇ. ನಿಮಗ್ಯಾರಿಗೂ ಹೇಳಲಿಲ್ಲ.

ಕಂಪ್ಲಿಯ ನಮ್ಮ ಮನೆ ನೆನಪು ಮಾಡಿಕೋ. ಕಾಲುವೆ ಬಂದ ಕಾಲದಲ್ಲಿ ಹುಟ್ಟಿದವರು ನಾವಿಬ್ಬರೂ. ಅಪ್ಪ ಜೋಳದ ಹೊಲವನ್ನೆಲ್ಲ ಗದ್ದೆ ಮಾಡಿ, ಕಬ್ಬು ಹಾಕಿ, ಮಿಲ್ಲು ಇಟ್ಟ. ಅವ್ವ ರೊಟ್ಟಿ ಬಡಿಯುವುದನ್ನೇ ಬಿಟ್ಟಳು, ಅದು ಬಡವರ ಊಟ ಅಂತ. ಮೂರು ಹೊತ್ತೂ ಬಿಳಿ ಅನ್ನ, ತುಪ್ಪ, ಬೆಲ್ಲದ ಪಾಯಸ. ನಾನು ಎಷ್ಟು ತಿಂದರೂ ಬಡಕಲು, ನೀನು ನೋಡಿದರೂ ಉಬ್ಬುತ್ತಿದ್ದೆ. ಗಂಗಾವತಿಯಿಂದ ನಿನ್ನನ್ನು ನೋಡಲು ಬಂದ ಮುದುಕಿ, ನೀನೇ ಮಾಡಿದ ಉಪ್ಪಿಟ್ಟು ಬಾಯಿ ತುಂಬ ಇಟ್ಟುಕೊಂಡು, "ಹುಡುಗಿ ಛಲೋ ಅದಾಳ, ಆದ್ರ ನಮ್ಮನಿ ಬಾಗಿಲ ಸಣ್ಣದೈತಿ" ಅಂದಳಲ್ಲ, ಆಗ ಎಲ್ಲರಿಗಿಂತ ಮೊದಲು ನಕ್ಕವಳು ನೀನು. ಆಮೇಲೆ ಮೂರು ದಿನ ಅನ್ನ ಮುಟ್ಟಲಿಲ್ಲ. ಆ ವಾರವೇ ಅಪ್ಪ ಅಕ್ಕಿ ವ್ಯಾಪಾರಿಯೊಬ್ಬನಿಂದ ಬೊಂಬಾಯಿ ಡಾಕ್ಟರ ವಿಳಾಸ ತಂದ. ಮಗಳು ಬದುಕಿ ಬಂದರೆ ಅವಳ ತೂಕದ ಬೆಲ್ಲ ತೂಗಿಸುತ್ತೇನೆ ಅಂತ ಅವ್ವ ಹಂಪಿಯ ಸ್ವಾಮಿಗೆ ಹರಕೆ ಹೊತ್ತಳು. ಹಂಪಿಯಲ್ಲಿ ರಾಜರು ಬಂಗಾರ ತೂಗಿಸಿಕೊಂಡ ಕಲ್ಲಿನ ಕಂಬ ಇದೆಯಲ್ಲ, "ಅವರು ಬಂಗಾರ ತೂಗಿದ್ರು, ನಾವು ಬೆಲ್ಲ ತೂಗೋಣ, ನಾವೇನ್ ಕಡಿಮಿ" ಅಂತ ಅಪ್ಪನ ಹೆಮ್ಮೆ.

ಬೊಂಬಾಯಿಯಲ್ಲಿ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕರುಳನ್ನು ಕತ್ತರಿಸಿ, ನಡುವಿನದನ್ನು ಬಿಟ್ಟು, ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸುತ್ತೇವೆ, ತಿಂದದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗುತ್ತದೆ ಅಂದರು. ಇಷ್ಟನ್ನು ನಾನು ಸರಿಯಾಗಿಯೇ ಕನ್ನಡದಲ್ಲಿ ಹೇಳಿದೆ. ಹೊಸಪೇಟೆಯಲ್ಲಿ ಎರಡು ವರ್ಷ ಕಾಲೇಜು ಓದಿದ ಹತ್ತೊಂಬತ್ತರ ಹುಡುಗಿ, ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರೆ ನನಗೆ ಎಷ್ಟು ಜಂಬ ಬಂದಿತ್ತು ಗೊತ್ತೇನು. ಮನೆಗೆ ಕಳಿಸುವ ದಿನ ಅವರು ಎರಡು ಹಾಳೆಯ ಚೀಟಿ ಕೊಟ್ಟು, ಎಲ್ಲವನ್ನೂ ಇವರಿಗೆ ಓದಿ ಹೇಳಮ್ಮ, ಕಡೆಯ ಭಾಗ ಮುಖ್ಯ ಅಂದರು.

ಗುಂತಕಲ್ಲಿನಲ್ಲಿ ಹೊಸಪೇಟೆ ರೈಲಿಗೆ ಕಾಯುತ್ತ ಕುಳಿತಾಗ ಓದಿದೆ. ಮಧ್ಯಾಹ್ನ. ನೀನು ಟ್ರಂಕಿಗೆ ಒರಗಿ ಕಿತ್ತಳೆ ಸುಲಿಯುತ್ತಿದ್ದೆ, ಸಿಪ್ಪೆ ತೆಗೆದು ತೆಗೆದು ನನಗೂ ಕೊಡುತ್ತಿದ್ದೆ. ಅಪ್ಪ ಕೇಳಿದ, "ಏನ್ ಬರದಾರವ್ವಾ ಅದರಾಗ?" ಆರು ತಿಂಗಳು ಗುಳಿಗೆ ತಗೊಂಡರೆ ಆಯಿತಂತೆ, ಆಮೇಲೆ ಎಲ್ಲ ಸರಿ ಅಂತ ಹೇಳಿದೆ. "ಅಷ್ಟ ಏನು?" ಅಂದ. ಅಷ್ಟೇ ಅಂದೆ.

ಅದರಲ್ಲಿ ಬರೆದದ್ದನ್ನು ಈಗ ಸರಿಯಾಗಿ ಓದುತ್ತೇನೆ, ಕೇಳು. ಆಪರೇಷನ್ ಆದವರ ಮೈಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಕಷ್ಟು ಹತ್ತುವುದಿಲ್ಲ. ಅದನ್ನು ಹಿಡಿದಿಡುವ ವಿಟಮಿನ್ನೂ ಹತ್ತುವುದಿಲ್ಲ. ಊಟದಲ್ಲಿ ಸಿಗದಿದ್ದಾಗ ರಕ್ತ ಅದನ್ನು ಎಲುಬಿನಿಂದ ಕಿತ್ತುಕೊಳ್ಳುತ್ತದೆ. ಅದಕ್ಕೆ ಬದುಕಿರುವ ತನಕ ದಿನವೂ ಸುಣ್ಣದ ಮಾತ್ರೆ, ಆಗಾಗ ವಿಟಮಿನ್ನಿನ ಇಂಜೆಕ್ಷನ್, ಆರು ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ. ಎಲುಬು ನೋಯಲು ಶುರುವಾದರೆ ತಡಮಾಡದೆ ಬರಬೇಕು, ಬೇಕಾದರೆ ಕರುಳನ್ನು ಮೊದಲಿನಂತೆ ಜೋಡಿಸಬಹುದು. ಆರು ತಿಂಗಳು ಅನ್ನುವ ಮಾತು ಅದರಲ್ಲಿತ್ತು ಅಕ್ಕ. ನಾನು ಅದನ್ನು ಅಲ್ಲಿಂದ ಎತ್ತಿ ಗುಳಿಗೆಯ ಪಕ್ಕದಲ್ಲಿಟ್ಟೆ.

ಯಾಕೆ ಅಂತ ಕೇಳುತ್ತೀಯ. ಹಂಪಯ್ಯನವರ ಜೊತೆ ನನ್ನ ಮದುವೆ ತಪ್ಪಬಾರದು ಅಂತ. ಅವರ ತಾಯಿ, ಬರುವ ಬೇಸಿಗೆಯ ತನಕ ಕಾಯುತ್ತೇವೆ, ಅಷ್ಟರೊಳಗೆ ಅಕ್ಕನ ಮದುವೆ ಆಗದಿದ್ದರೆ ಹರಪನಹಳ್ಳಿಯ ಹೆಣ್ಣು ತಯಾರಿದೆ ಅಂತ ಹೇಳಿ ಕಳಿಸಿದ್ದರು. ನಿನಗಿಂತ ಮೊದಲು ನನ್ನ ಮದುವೆ ಮಾಡುವ ಮನೆಯಲ್ಲ ನಮ್ಮದು. ಸಾಯುವವರೆಗೆ ಔಷಧ ನುಂಗಬೇಕಾದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ರೈಲು ಬರುವಷ್ಟರಲ್ಲಿ ನಾನು ಇದನ್ನೆಲ್ಲ ಯೋಚಿಸಿ ಮುಗಿಸಿದ್ದೆ. ಚಿಕ್ಕವಳಿದ್ದೆ, ತಿಳಿಯಲಿಲ್ಲ ಅಂತ ಬರೆದರೆ ನೀನು ನಂಬಿಬಿಡುತ್ತೀಯ. ನಂಬಬೇಡ, ಎಲ್ಲ ತಿಳಿದಿತ್ತು.

ಆರು ತಿಂಗಳಾದ ದಿನ, "ಸುಣ್ಣದ ಗ್ವಾಡಿ ನೆಕ್ಕಿದಂಗ ಆಗ್ತಿತ್ತವ್ವಾ" ಅಂತ ನೀನು ಕೊನೆಯ ಗುಳಿಗೆ ನುಂಗಿ ಡಬ್ಬಿ ಎಸೆದೆ. ಖರೆ ಹೇಳಬೇಕೆಂದರೆ ಆ ಕಾಲದಲ್ಲಿ ನೀನು ಸುಖವಾಗಿದ್ದೆ, ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ಸಲ ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂತೆ. ಬಗ್ಗಿ ನಿನ್ನ ಚಪ್ಪಲಿಯ ಪಟ್ಟಿ ನೀನೇ ಹಾಕಿಕೊಂಡೆ. ತಕ್ಕಡಿಯಲ್ಲಿ ಕೂತಾಗ ನೀನು ಮೇಲೆ ಹೋಗಿ ಬೆಲ್ಲ ಕೆಳಗಿಳಿದು, ಒಂದಷ್ಟು ಅಚ್ಚು ವಾಪಸ್ ತೆಗೆಯಬೇಕಾಯಿತು. ಅವ್ವ ಅತ್ತಳು. ನಿನ್ನ ಮದುವೆಯಾದ ತಿಂಗಳಿಗೆ ನನ್ನದೂ ಆಯಿತು.

ಪಂಪಿ ಹುಟ್ಟಿದ ಮೇಲೆ ನೀನೇ ಧೈರ್ಯ ಮಾಡಿ ಭಾವನಿಗೆ ಆಪರೇಷನ್ ವಿಷಯ ಹೇಳಿದೆ. "ಹೋಗಿದ್ದು ಕೊಬ್ಬು ತಾನ, ಹೋಗಲಿ ಬಿಡು" ಅಂದರಂತೆ. ಅವತ್ತು ನಾನು ಚೀಟಿ ತಂದು ಕೊಟ್ಟಿದ್ದರೆ ಮುಗಿಯುತ್ತಿತ್ತು. ಕೊಡಲಿಲ್ಲ. ಎಂಬತ್ತನಾಲ್ಕರಲ್ಲಿ ನೀರಿನ ಕೊಡ ಎತ್ತುವಾಗ ನಿನ್ನ ಮಣಿಕಟ್ಟು ಮುರಿಯಿತು. ನಾನು ನೋಡಲು ಬಂದಾಗ ನೀನು ಕೇಳಿದೆ, "ಹೆಂಗ ಮುರೀತು ಜಂಬಿ, ನಾನು ಬಿದ್ದೂ ಇಲ್ಲ." ಆಗ ನನ್ನ ಬಾಯಿಂದ ಬಂದದ್ದನ್ನು ಕೇಳಿಸಿಕೋ. ಅವ್ವ ಹರಕೆ ಹೊತ್ತಾಗ ನಿನ್ನ ತೂಕ ಬೇರೆ ಇತ್ತು, ತೀರಿಸುವಾಗ ಬೇರೆ ಇತ್ತು, ದೇವರಿಗೆ ಬೆಲ್ಲ ಕಡಿಮೆ ಬಿತ್ತೇನೋ ಅಂದೆ. ನಗೆಚಾಟಿಕೆಯ ಹಾಗೆ ಅಂದೆ, ನೀನು ಬೇರೆ ಏನನ್ನೂ ಯೋಚಿಸದಿರಲಿ ಅಂತ. ಸಂಜೆಯಷ್ಟರಲ್ಲಿ ಅವ್ವನಿಗೆ ಅದೇ ನಿಜವಾಯಿತು, ಮರುದಿನ ಗಾಡಿ ಬೆಲ್ಲ ಹಂಪಿಗೆ ಹೋಯಿತು. ಎಂಬತ್ತೊಂಬತ್ತರಲ್ಲಿ ಕೆಮ್ಮಿ ಕೆಮ್ಮಿ ಪಕ್ಕೆಲುಬು ಮುರಿದಾಗ ಮತ್ತೆ ಬೆಲ್ಲ. ತೊಂಬತ್ತಮೂರರಲ್ಲಿ ಬಚ್ಚಲ ಮೆಟ್ಟಿಲಲ್ಲಿ ತೊಡೆಯ ಸಂದು ಮುರಿದಾಗ ಮತ್ತೆ ಬೆಲ್ಲ. ಹಂಪಿಯ ಮಂಗಗಳು ನಿನ್ನ ಎಲುಬಿನ ಮೇಲೆ ಕೊಬ್ಬಿದವು ಅಕ್ಕ. ಆ ಸುಳ್ಳು ದೇವರದ್ದಲ್ಲ, ಅವ್ವನದ್ದಲ್ಲ, ನನ್ನದು. ಈಗ ಅದೇ ಸುಳ್ಳನ್ನು ನಂಬಿ ನೀನು ಮಗಳನ್ನು ತಕ್ಕಡಿಗೆ ಏರಿಸುತ್ತಿದ್ದೀಯ.

ತೊಡೆ ಮುರಿದಾಗ ಹೊಸಪೇಟೆಯ ಮೂಳೆ ಡಾಕ್ಟರು ಎಕ್ಸರೇ ಹಿಡಿದು, ನಲವತ್ತೊಂದರ ಹೆಂಗಸಿಗೆ ಎಂಬತ್ತರ ಎಲುಬು ಹೇಗೆ ಬಂತು, ಮೊದಲು ದೊಡ್ಡ ಕಾಯಿಲೆ, ಆಪರೇಷನ್ ಏನಾದರೂ ಆಗಿತ್ತೇ ಅಂತ ಕೇಳಿದರಲ್ಲ. ನೀನು ಇಲ್ಲ ಅಂದೆ. ಆಮೇಲೆ ನನ್ನ ಹತ್ತಿರ, "ಅದು ಹೊಟ್ಟಿದು, ಇದು ಕಾಲಿಂದು, ಅದನ್ನ್ಯಾಕ ಹೇಳೂದು" ಅಂದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಕೊಡಬೇಕು ಅಂತಲೇ ತಂದಿದ್ದೆ. ಹಂಪಯ್ಯ ಪಕ್ಕದಲ್ಲಿದ್ದರು, ಅವರ ಮುಖ ನೋಡಿ ಪರ್ಸು ತೆಗೆಯಲಾಗಲಿಲ್ಲ.

ಪಂಪಿ ದಸರಾ ರಜೆಗೆ ಬಂದಿದ್ದಾಗ ನಮ್ಮ ಕ್ವಾರ್ಟರ್ಸಿನ ಮಹಡಿಗೆ ತುಂಬಿದ ಸಿಲಿಂಡರನ್ನು ಒಬ್ಬಳೇ ಹೊತ್ತು ತಂದಳು. ಅವಳ ದಪ್ಪ ಮೈ ನೋಡಿ ಪಕ್ಕದ ಮನೆಯವರು ನಕ್ಕರು, ಅವಳಿಗೆ ಅದರ ಪರಿವೆಯೇ ಇಲ್ಲ. ಅವಳ ತೋಳು ನೋಡಿದ್ದೀಯಾ ಅಕ್ಕ? ದಿನಾ ಬೆಳಗ್ಗೆ ನಿನ್ನನ್ನು ಮಂಚದಿಂದ ಎತ್ತಿ ಬಚ್ಚಲಿಗೆ ಒಯ್ಯುವ ತೋಳು ಅದು. ಆಗಿನ್ನೂ ಆಪರೇಷನ್ ಬರೀ ಮಾತಿನಲ್ಲಿತ್ತು. ಹೊರಡುವ ದಿನ ಬಟ್ಟೆ ಮಡಚುತ್ತ ಕೇಳಿದಳು, "ಚಿಗವ್ವಾ, ಆಪರೇಷನ್ ಆದಮ್ಯಾಲ ಅವ್ವನ್ನ ಎತ್ತಾಕ ನನಗ ಶಕ್ತಿ ಇರ್ತದೇನು?" ಇರ್ತದ ಅಂತ ಹೇಳಿ ಕಳಿಸಿದೆ. ಹದಿನೇಳರ ಹುಡುಗಿ ನನ್ನ ಮಾತು ನಂಬಿ ಬಸ್ಸು ಹತ್ತಿದಳು, ಗುಂತಕಲ್ಲಿನಲ್ಲಿ ನೀನು ಹತ್ತಿದ ಹಾಗೆಯೇ.

ಸೋಮವಾರ ಅವಳನ್ನು ತಕ್ಕಡಿಗೆ ಕೂರಿಸುವುದಾದರೆ ಕೂರಿಸು, ಬೆಲ್ಲ ಹಂಚು. ಅಲ್ಲಿಂದ ಸೀದಾ ಮನೆಗೆ ಕರಕೊಂಡು ಹೋಗು. ಬೊಂಬಾಯಿ ಬೇಡ. ಈಗ ಹೊಸ ರೀತಿಯ ಆಪರೇಷನ್ ಬಂದಿದೆ ಅಂತ ಭಾವ ಹೇಳಬಹುದು. ಇರಬಹುದು, ನನಗೆ ಗೊತ್ತಿಲ್ಲ. ಎಲುಬಿಗೆ ಏನಾಗುತ್ತದೆ ಅಂತ ತಿಳಿದ ಡಾಕ್ಟರನ್ನು ಮೊದಲು ಕೇಳಿ, ನನಗಿಂತ ಪ್ರಾಮಾಣಿಕರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಇದರ ಜೊತೆ ಆ ಎರಡು ಹಾಳೆ ಇಟ್ಟಿದ್ದೇನೆ. ಇಷ್ಟು ವರ್ಷ ಕುಕ್ಕರಿನ ಗ್ಯಾರಂಟಿ ಚೀಟಿಯ ಜೊತೆ ಇದ್ದವು, ಹಳದಿಯಾಗಿವೆ, ಅಕ್ಷರ ಅಳಿಸಿಲ್ಲ. ನಾಳೆಯೇ ಮೂಳೆ ಡಾಕ್ಟರ ಕೈಗೆ ಕೊಡಿಸು. ನಿನಗೆ ಈಗ ಎಷ್ಟು ಉಪಯೋಗವಾಗುತ್ತದೋ ಅವರೇ ಹೇಳಬೇಕು. ಆಗದಿದ್ದರೆ ಅದಕ್ಕೆ ಕಾರಣ ಯಾರು ಅಂತ ನಿನಗೆ ತಿಳಿದಿರಲಿ.

ಅಂಚೆಗೆ ಹಾಕಿದರೆ ಸೋಮವಾರದೊಳಗೆ ತಲುಪುತ್ತದೋ ಇಲ್ಲವೋ ಅಂತ ನಾಳೆ ಬೆಳಗಿನ ಬಸ್ಸಿಗೆ ಹಂಪಯ್ಯನವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅವರಿಗೆ ಏನೂ ಗೊತ್ತಿಲ್ಲ. ಹಬ್ಬದ ಸೀರೆಯ ವಿಷಯ ಬರೆದಿದ್ದೇನೆ ಅಂದುಕೊಂಡಿದ್ದಾರೆ. ಮೊದಲು ಅವರಿಗೆ ಊಟಕ್ಕೆ ಹಾಕಿಸು, ಆಮೇಲೆ ಓದು. ಓದಿದ ಮೇಲೆ ಅವರಿಗೆ ಹೇಳಬೇಕು ಅನ್ನಿಸಿದರೆ ಹೇಳು. ನಿನ್ನ ಎಲುಬು ಕೊಟ್ಟು ಕೊಂಡುಕೊಂಡ ಗಂಡ ಅವರು, ನಿನಗೆ ಆ ಹಕ್ಕಿದೆ.

ನೀನು ಕರೆಯದ ಹೊರತು ಸೋಮವಾರ ನಾನು ಬರುವುದಿಲ್ಲ. ಕ್ಷಮಿಸು ಅಂತ ಬರೆದು ಎರಡು ಸಲ ಹೊಡೆದು ಹಾಕಿದೆ, ಮೇಲಿನ ಸಾಲಿನಲ್ಲಿ ಗೀಚಿರುವುದು ಅದೇ. ಪಂಪಿಯನ್ನು ಉಳಿಸಿಕೊಂಡರೆ ಸಾಕು.

ನಿನ್ನ ಕೈಯ ಕಿತ್ತಳೆ ತಿಂದ,
ಜಂಬಿ

ತಾ. ಕ.: ಹಂಪಯ್ಯನವರ ಚೀಲದಲ್ಲಿ ಕಾಗದದ ಜೊತೆ ಬಿಳಿ ಮಾತ್ರೆಗಳ ಒಂದು ಡಬ್ಬಿಯೂ ಇದೆ. ಚೀಟಿಯಲ್ಲಿರುವ ಸುಣ್ಣದ ಮಾತ್ರೆ ಅದೇ. ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದರೆ ಅವತ್ತೇ ಶುರು ಮಾಡು. ಡಬ್ಬಿ ಅರ್ಧ ಖಾಲಿ ಯಾಕೆ ಅಂತ ಕೇಳುತ್ತೀಯ. ನಿನ್ನ ಮಣಿಕಟ್ಟು ಮುರಿದ ವಾರ ಆ ಚೀಟಿಯನ್ನು ಮತ್ತೆ ಓದಿದೆ, ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ನನ್ನ ಎಲುಬಿಗೂ ಹೀಗಾದರೆ ಅಂತ ಹೆದರಿಕೆಯಾಯಿತು. ಅವತ್ತಿನಿಂದ ಹನ್ನೊಂದು ವರ್ಷ ದಿನಕ್ಕೆರಡರಂತೆ ನಾನೇ ನುಂಗುತ್ತಿದ್ದೇನೆ.